ಊರಿನ ಕಾಣಿಕೆ, ದೂರದ ಹಸಿವು

ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಲಿಯೋನ್, ಸ್ವಿಟ್ಜರ್ಲೆಂಡಿನ ಬಾಸೆಲ್ ಎರಡೂ ರೇಷ್ಮೆಯ ಊರುಗಳು. ಅಲ್ಲಿ ರೇಷ್ಮೆ ಬಟ್ಟೆ, ಇಲ್ಲಿ ರೇಷ್ಮೆ ರಿಬ್ಬನ್ನು. ಲಿಯೋನ್ ಕ್ಯಾಥೊಲಿಕರದು, ಬಾಸೆಲ್ ಪ್ರಾಟೆಸ್ಟೆಂಟರದು. ಒಬ್ಬರ ಪೂಜಾವಿಧಿ ಇನ್ನೊಬ್ಬರಿಗೆ ಆಗಿಬರದ ಕಾಲ ಅದು. ಆದರೂ ದೂರದ ದೇಶಗಳಿಗೆ ಕಳಿಸಲು ಹಣ ಕೂಡಿಸುವುದು ಹೇಗೆ ಎಂಬ ಪ್ರಶ್ನೆಗೆ ಎರಡೂ ಊರುಗಳು ಕಂಡುಕೊಂಡ ಉತ್ತರ ಒಂದೇ ಆಗಿತ್ತು: ಶ್ರೀಮಂತರ ಬಾಗಿಲಿಗೆ ಹೋಗುವುದು ಬೇಡ, ಬಡವರಿಂದ ವಾರಕ್ಕೊಂದು ಕಾಸು ಕೇಳೋಣ.

ಲಿಯೋನಿನ ಪೋಲಿನ್ ಜಾರಿಕೊ ರೇಷ್ಮೆ ವ್ಯಾಪಾರಿಯ ಮಗಳು. ರೇಷ್ಮೆ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಆಕೆ ಕಟ್ಟಿದ ವ್ಯವಸ್ಥೆ ಬಹಳ ಸರಳ. ಹತ್ತು ಜನರ ಒಂದು ಗುಂಪು. ಪ್ರತಿಯೊಬ್ಬರದೂ ವಾರಕ್ಕೆ ಒಂದು ಸೂ, ಅಂದರೆ ಫ್ರೆಂಚ್ ನಾಣ್ಯಗಳಲ್ಲಿ ಚಿಲ್ಲರೆ. ಹತ್ತು ಗುಂಪಿಗೆ ಒಬ್ಬರು ಲೆಕ್ಕ ನೋಡುವವರು, ಅಂಥ ಹತ್ತು ಮಂದಿಗೆ ಇನ್ನೊಬ್ಬರು. 1822ರ ಮೇ 3ರಂದು ಇದು ಅಧಿಕೃತ ಸಂಸ್ಥೆಯಾಯಿತು. ಆರಂಭದ ಹಣ ಅಮೆರಿಕದ ಲೂಯಿಸಿಯಾನ, ಕೆಂಟಕಿ ಪ್ರಾಂತ್ಯಗಳಿಗೂ ಏಷ್ಯಾದ ಪೂರ್ವ ಭಾಗಕ್ಕೂ ಹೋಯಿತು. ನೂರು ವರ್ಷದ ಬಳಿಕ ಸಂಸ್ಥೆ ರೋಮಿಗೆ ಸ್ಥಳಾಂತರವಾಯಿತು. 1926ರಲ್ಲಿ ಪೋಪ್ ಹನ್ನೊಂದನೇ ಪಯಸ್ ವರ್ಷಕ್ಕೊಂದು ಭಾನುವಾರವನ್ನು ಈ ಕೆಲಸಕ್ಕೆಂದು ಮೀಸಲಿಟ್ಟರು. ಇಂದಿಗೂ ಅಕ್ಟೋಬರಿನಲ್ಲಿ ಮಿಷನ್ ಭಾನುವಾರದಂದು ನಮ್ಮ ಮಂಗಳೂರು, ಮೈಸೂರು, ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಕಾಣಿಕೆ ತಟ್ಟೆಗೆ ಬೀಳುವ ನೋಟು ಆ ಲಿಯೋನಿನ ಕಾಸಿನ ವಂಶದ್ದೇ.

ಬಾಸೆಲ್‌ನಲ್ಲಿ ಇದನ್ನು ಮಾಡಿದ್ದು ಕಾರ್ಲ್ ಸರಾಸಿನ್ ಎಂಬ ರಿಬ್ಬನ್ ಉದ್ಯಮಿ, 1855ರಲ್ಲಿ. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಆ ಹೊತ್ತಿಗೆ ಸಾಲದಲ್ಲಿ ಏದುಸಿರು ಬಿಡುತ್ತಿತ್ತು. ಸರಾಸಿನ್ ಕೇಳಿದ್ದು ತಲೆಗೆ ವಾರಕ್ಕೆ ಅರ್ಧ ಬಾಟ್ಜನ್, ಅಂದರೆ ಐದು ರಾಪನ್. ಸ್ವಿಟ್ಜರ್ಲೆಂಡಿನ ಪ್ಯಾರಿಷ್‌ಗಳಲ್ಲೂ ಪಕ್ಕದ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕಾಸು ಎತ್ತುವವರು ಸಿದ್ಧರಾದರು. ಕಾಸು ಎತ್ತಲು ಹೋದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ದೂರದ ಆಫ್ರಿಕಾದಲ್ಲಿ, ನಮ್ಮ ಕರಾವಳಿಯಲ್ಲಿ ಏನು ನಡೆದಿದೆ ಎಂಬ ಸುದ್ದಿಯ ಸಣ್ಣ ಪತ್ರಿಕೆಯನ್ನು ಕೊಟ್ಟು ಬರುತ್ತಿದ್ದರು.

ಮೊತ್ತ ಚಿಕ್ಕದು, ಆದರೆ ಅದರ ಗುಣವೇ ಬೇರೆ. ಸಾಹುಕಾರನ ದೇಣಿಗೆ ಅವನ ಮನಸ್ಸಿನ ಮೇಲೆ, ರೇಷ್ಮೆಯ ದರದ ಮೇಲೆ ನಿಂತಿರುತ್ತದೆ. ಸಾವಿರಾರು ಮನೆಗಳ ವಾರದ ಕಾಸು ಹಾಗಲ್ಲ. ಹತ್ತು ಮನೆ ತಪ್ಪಿದರೂ ಉಳಿದವು ಕೊಡುತ್ತವೆ. ಶಾಲೆ, ಮುದ್ರಣಾಲಯ, ಆಸ್ಪತ್ರೆ ಎಂಬಂಥ ಹತ್ತಿಪ್ಪತ್ತು ವರ್ಷಗಳ ಕೆಲಸಕ್ಕೆ ಬೇಕಾದದ್ದು ಇಂಥ ಹಣವೇ. ಅಂತರರಾಷ್ಟ್ರೀಯ ನೆರವಿನ ಲೋಕಕ್ಕೆ ಪ್ಯಾರಿಷ್ ಕೊಟ್ಟ ಮೊದಲ ಕೊಡುಗೆ ಈ ಪುನರಾವರ್ತನೆ. ಎರಡನೆಯದು ಕೊಡುವವನ ಮನೆಗೆ ತಿರುಗಿ ಬರುವ ಸುದ್ದಿ. ಅದರಲ್ಲಿ ಒಳ್ಳೆಯದೂ ಇತ್ತು, ಅಪಾಯವೂ ಇತ್ತು. ಕಾಸು ನಿಲ್ಲದಿರಬೇಕಾದರೆ ಸುದ್ದಿ ಕರುಳು ಹಿಂಡಬೇಕು. ಕರುಳು ಹಿಂಡಲು ದೂರದವರು ಆದಷ್ಟು ದೀನರಾಗಿ ಕಾಣಬೇಕು. ಇಂದಿನ ದೇಣಿಗೆ ಜಾಹೀರಾತುಗಳ ರೋಗದ ಬೇರು ಇಲ್ಲಿಯೇ ಇದೆ.

ಜೆಪ್ಪುವಿನ ಹಂಚು

ಪ್ಯಾರಿಷ್ ಎಂದರೆ ಒಬ್ಬ ಪಾದ್ರಿಯ ಉಸ್ತುವಾರಿಯಲ್ಲಿರುವ ಊರುಕೇರಿ. ಕನ್ನಡದ ಕ್ಯಾಥೊಲಿಕರು ಅದನ್ನು ಧರ್ಮಕೇಂದ್ರ ಎನ್ನುತ್ತಾರೆ, ಕರಾವಳಿಯ ಕೊಂಕಣಿಗರಿಗೆ ಅದು ಫಿರ್ಗಜ್. ಇಂಥ ಒಂದು ಊರುಕೇರಿಯ ಹಣ ಕಡಲು ದಾಟಿ ಇನ್ನೊಂದು ಊರಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನೋಡಲು ಮಂಗಳೂರಿಗಿಂತ ಒಳ್ಳೆಯ ಜಾಗವಿಲ್ಲ.

ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್‌ನಿಂದ ಹೊರಟು ಮಂಗಳೂರು ಮುಟ್ಟಿದ್ದು 1834ರಲ್ಲಿ. ಎರಡು ವರ್ಷದ ಬಳಿಕ ಹರ್ಮನ್ ಮೊಗ್ಲಿಂಗ್ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಇದು ಶಾಲಾ ಪಠ್ಯದಲ್ಲೇ ಬರುವ ಕಥೆ. ಇಲ್ಲಿ ನಮಗೆ ಬೇಕಾದದ್ದು ಇನ್ನೊಂದು ಕಥೆ.

ವುರ್ಟೆಂಬರ್ಗಿನ ಹಳ್ಳಿಯವರು ಕಾಸು ಕೊಟ್ಟದ್ದು ಸುವಾರ್ತೆ ಸಾರಲಿಕ್ಕೆ. ಮಂಗಳೂರಿನಲ್ಲಿ ಎದುರಾದ ಪ್ರಶ್ನೆ ಹೊಟ್ಟೆಯದು. ಕ್ರೈಸ್ತರಾದವರು ತಮ್ಮ ಜಾತಿಯ ಕಸುಬಿನಿಂದಲೂ ಕುಟುಂಬದ ಆಸರೆಯಿಂದಲೂ ಹೊರಬೀಳುತ್ತಿದ್ದರು. ಬಿಲ್ಲವರಿಗೆ ಶೇಂದಿ ಇಳಿಸುವ ಕೆಲಸ ಬಿಡಬೇಕೆಂದು ಮಿಷನ್ನೇ ಹೇಳುತ್ತಿತ್ತು. ಹೊಲ ಇಲ್ಲ, ಕಸುಬು ಇಲ್ಲ, ಮನೆ ಇಲ್ಲ. ಇವರ ಅನ್ನಕ್ಕೆ ದಾರಿ ಯಾವುದು? ಬಾಸೆಲ್‌ನಿಂದ ಅಕ್ಕಿಯ ದುಡ್ಡು ತರಿಸಿ ಹಂಚುತ್ತ ಕೂರಬಹುದಿತ್ತು. ಹಾಗೆ ಮಾಡದೆ, ಮೊದಲು ಬೇಸಾಯ, ಗಡಿಯಾರ ರಿಪೇರಿ, ಬಡಗಿ ಕೆಲಸ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯತ್ನಿಸಿದರು. 1851ರಲ್ಲಿ ನೇಕಾರ ಜಾನ್ ಹಾಲರ್ ಬಂದ ಮೇಲೆ ಮಗ್ಗಗಳು ನೆಲೆಯೂರಿದವು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು.

ಆ ಮೇಲೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್, ಪಾಲಕ್ಕಾಡ್ ಎಂದು ಹಂಚಿನ ಚಿಮಣಿಗಳು ಸಾಲಾಗಿ ಎದ್ದವು. ‘ಮಂಗಳೂರು ಹಂಚು’ ಕರಾವಳಿಯ ಮಾಡುಗಳಿಂದ ಹಿಡಿದು ಕಡಲಾಚೆಯ ಊರುಗಳ ತನಕ ಹೋಯಿತು. ಸುವಾರ್ತೆಗೆಂದು ಕೂಡಿಸಿದ ಕಾಸು ಹಂಚಾಗಿ ಬದಲಾದದ್ದು ಬಾಸೆಲ್‌ನ ಯೋಜನೆಯಲ್ಲಿ ಇರಲಿಲ್ಲ. ಈ ಕಡೆಯವರ ಬದುಕು ಒತ್ತಾಯಿಸಿದ್ದರಿಂದ ಹಾಗಾಯಿತು. ಕಳಿಸಿದವರ ಇಷ್ಟವನ್ನು ಪಡೆದವರ ಅಗತ್ಯ ತಿದ್ದಿತು ಎನ್ನಬಹುದು.

ಇದರ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಕೆಲಸ ಕೊಡುವವರು, ಮನೆ ಕೊಡುವವರು, ಮಕ್ಕಳಿಗೆ ಶಾಲೆ ಕೊಡುವವರು, ಭಾನುವಾರ ಪ್ರಸಂಗ ಮಾಡುವವರು ಎಲ್ಲ ಒಬ್ಬರೇ ಆದಾಗ ಕೂಲಿಯ ಬಗ್ಗೆ ತಕರಾರು ಎತ್ತುವುದು ಯಾರ ಬಳಿ? ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ದೇಶಕ್ಕೆ ಕಳಿಸಿತು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಸೇರಿದವು. ಎಂಬತ್ತು ವರ್ಷ ಒಂದೇ ತೊಟ್ಟಿಲಲ್ಲಿ ಬೆಳೆದ ಸಭೆಗಳು ರಾತ್ರೋರಾತ್ರಿ ನಡೆಯಲು ಕಲಿಯಬೇಕಾಯಿತು. ಕಲಿತವು ಎಂಬುದೂ ನಿಜ. ಆದರೆ ಹೊರಗಿನ ನೆರವಿಗೆ ಕೊನೆಯ ದಿನ ಒಂದಿದೆ ಎಂದು ಮೊದಲೇ ಯೋಚಿಸಿದ್ದರೆ ಆ ಪಾಠ ಅಷ್ಟು ದುಬಾರಿಯಾಗುತ್ತಿರಲಿಲ್ಲ.

ಧಾತು ಬರದ ಎತ್ತುಗಳು

ತಲೆಮಾರುಗಳ ನೆಲೆ ಕಟ್ಟುವುದು ಒಂದು ಕೆಲಸ, ಹೊತ್ತಿಗೊದಗುವ ಪರಿಹಾರ ಇನ್ನೊಂದು. ಎರಡನೆಯದಕ್ಕೂ ಕರ್ನಾಟಕದಲ್ಲಿ ಹಳೆಯ ಉದಾಹರಣೆಯಿದೆ. 1876ರಲ್ಲಿ ಶುರುವಾದ ಧಾತು ಸಂವತ್ಸರದ ಬರ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. 1877ರ ಆಗಸ್ಟಿನಲ್ಲಿ ಮದ್ರಾಸಿನಿಂದ ಹೋದ ಮನವಿಗೆ ಲಂಡನ್ನಿನ ಮೇಯರ್ ಮ್ಯಾನ್ಶನ್ ಹೌಸ್ ನಿಧಿ ತೆರೆದರು. ಇಂಗ್ಲೆಂಡಿನ ಊರೂರಿನ ಚರ್ಚುಗಳಲ್ಲಿ ಅದಕ್ಕಾಗಿ ವಿಶೇಷ ಕಾಣಿಕೆ ಎತ್ತಿದರು.

ಹಣ ಬಂದಾಗ ಅದರ ಬಳಕೆಯ ಪ್ರಶ್ನೆ ಎದ್ದಿತು. ಗಂಜಿ ಕೇಂದ್ರ, ಕಾಮಗಾರಿಗಳನ್ನು ನಡೆಸುವುದು ಸರ್ಕಾರದ ಹೊಣೆ. ಅದೇ ಗಂಜಿಗೆ ಈ ಹಣವನ್ನೂ ಸುರಿದರೆ ಸರ್ಕಾರದ ಖರ್ಚು ಉಳಿಯುತ್ತದೆ, ಅಷ್ಟೆ. ಅಷ್ಟರಲ್ಲಿ ಮಳೆಯೂ ಬಂತು. ಹೊಲ ಹಸಿಯಾಗಿದೆ, ಉಳಲು ಎತ್ತಿಲ್ಲ, ಬಿತ್ತಲು ಕಾಳಿಲ್ಲ, ಮಾಡಿನ ತೊಲೆಯನ್ನೂ ಹೊಟ್ಟೆಗಾಗಿ ಮಾರಿಯಾಗಿದೆ. ಹಾಗಾಗಿ ಊರ ಸಮಿತಿಗಳ ಮೂಲಕ ಹಂಚಿದ ಹಣದ ದೊಡ್ಡ ಪಾಲು ರೈತರ ಎತ್ತು, ಬಿತ್ತನೆ ಬೀಜ, ಬಟ್ಟೆ, ಮನೆ ರಿಪೇರಿಗೆ ಹೋಯಿತು. ಬ್ರಿಟಿಷ್ ಆಡಳಿತ ಆ ಬರವನ್ನು ನಿಭಾಯಿಸಿದ ರೀತಿಗೆ ಇತಿಹಾಸದಲ್ಲಿ ಕ್ಷಮೆಯಿಲ್ಲ. ಈ ನಿಧಿ ಆ ಪಾಪವನ್ನು ತೊಳೆಯಲೂ ಇಲ್ಲ. ಆದರೆ ಉಣ್ಣುವುದಕ್ಕಿಂತ ಮುಂದಿನ ಬೆಳೆಗೆ ಕೊಡುವುದು ಎಂಬ ಅದರ ತೀರ್ಮಾನ ಮಾತ್ರ ಇಂದಿನ ಪರಿಹಾರ ತಜ್ಞರೂ ಒಪ್ಪುವಂಥದ್ದು.

ಚರ್ಚು ಕೊಟ್ಟ ಕೋಣೆ

1942ರ ಅಕ್ಟೋಬರ್ 5. ಆಕ್ಸ್‌ಫರ್ಡಿನ ಹೈ ಸ್ಟ್ರೀಟಿನಲ್ಲಿರುವ ಸೇಂಟ್ ಮೇರಿ ಚರ್ಚಿನ ಹಳೆಯ ಗ್ರಂಥಾಲಯದ ಕೋಣೆಯಲ್ಲಿ ಕೆಲವರು ಸೇರಿದರು. ಚರ್ಚಿನ ವಿಕಾರ್ ಟಿ. ಆರ್. ಮಿಲ್ಫರ್ಡ್, ಭಾರತದಲ್ಲಿ ಅಧ್ಯಾಪಕರಾಗಿದ್ದವರು. ಗಿಲ್ಬರ್ಟ್ ಮರ್ರೆ ಗ್ರೀಕ್ ಸಾಹಿತ್ಯದ ಹೆಸರಾಂತ ಪ್ರಾಧ್ಯಾಪಕ, ಚರ್ಚಿನ ನಂಬಿಕೆಗಳಿಂದ ದೂರವೇ ಇದ್ದವರು. ಹೆನ್ರಿ ಗಿಲೆಟ್ ಕ್ವೇಕರ್ ಪಂಥದ ವೈದ್ಯ. ಸ್ವಲ್ಪ ದಿನದಲ್ಲೇ ಸೆಸಿಲ್ ಜಾಕ್ಸನ್ ಕೋಲ್ ಎಂಬ ವ್ಯಾಪಾರಿ ಕಾರ್ಯದರ್ಶಿಯಾಗಿ ಬಂದು ಸೇರಿಕೊಂಡರು.

ಅವರ ಚಿಂತೆ ಗ್ರೀಸಿನದು. ನಾಜಿ ಜರ್ಮನಿ ಮತ್ತು ಅದರ ಜೊತೆಗಾರ ದೇಶಗಳ ಪಡೆಗಳು ಗ್ರೀಸನ್ನು ಹಿಡಿದಿದ್ದವು. ಶತ್ರುವಿಗೆ ಸರಕು ಸಿಗಬಾರದೆಂದು ಬ್ರಿಟನ್ ಕಡಲ ದಿಗ್ಬಂಧನ ಹಾಕಿತ್ತು. ನಡುವೆ ಸಿಕ್ಕ ಜನ 1941–42ರ ಚಳಿಗಾಲದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಹಸಿದು ಬಿದ್ದು ಸತ್ತರು. ಅಂದರೆ ಈ ಸಮಿತಿ ಹೊರಟದ್ದು ತನ್ನದೇ ಸರ್ಕಾರದ ಯುದ್ಧನೀತಿಯ ವಿರುದ್ಧ, ಅದೂ ಯುದ್ಧದ ನಡುವೆ. ದಿಗ್ಬಂಧನದ ನಡುವೆಯೂ ಹೆಂಗಸರು ಮಕ್ಕಳಿಗೆ ಆಹಾರ ಹೋಗಲು ಬಿಡಿ ಎಂಬುದು ಅವರ ಬೇಡಿಕೆ. 1943ರ ಅಕ್ಟೋಬರಿನಲ್ಲಿ ‘ಗ್ರೀಕ್ ವಾರ’ ನಡೆಸಿ ಹನ್ನೆರಡು ಸಾವಿರ ಪೌಂಡಿಗೂ ಹೆಚ್ಚು ಹಣ ಕೂಡಿಸಿ ಗ್ರೀಕ್ ರೆಡ್‌ಕ್ರಾಸಿಗೆ ಕಳಿಸಿದರು. ‘ಬರ ಪರಿಹಾರಕ್ಕಾಗಿ ಆಕ್ಸ್‌ಫರ್ಡ್ ಸಮಿತಿ’ ಎಂಬ ಆ ಉದ್ದ ಹೆಸರೇ ಮುಂದೆ ತಂತಿ ವಿಳಾಸದಲ್ಲಿ ಮೊಟಕಾಗಿ ಆಕ್ಸ್‌ಫಾಮ್ ಆಯಿತು.

ಚರ್ಚು ಇಲ್ಲಿ ಕೊಟ್ಟದ್ದು ಒಂದು ಕೋಣೆ, ಒಬ್ಬ ವಿಕಾರ್, ಊರಿನಲ್ಲಿ ತನಗಿದ್ದ ನಂಬಿಕೆ. ಸಮಿತಿ ತನ್ನದೆಂದು ಅದು ಹಕ್ಕು ಚಲಾಯಿಸಲಿಲ್ಲ. ದೇವರನ್ನು ನಂಬದ ಪ್ರಾಧ್ಯಾಪಕನೂ ದೇವರ ಮನೆಯಲ್ಲಿ ಕೂತು ಕೆಲಸ ಮಾಡಲು ಬಿಟ್ಟಿತು. ಸರ್ಕಾರಕ್ಕೆ ಬೇಡವಾದ ಮಾತನ್ನು ಆಡಲು ಊರಿನಲ್ಲಿ ಒಂದು ಜಾಗ ಬೇಕಾಗುತ್ತದೆ. ಬಹಳ ಸಲ ಆ ಜಾಗ ಪ್ಯಾರಿಷ್ ಹಾಲ್ ಆಗಿರುತ್ತದೆ.

ಆದರೆ ಅದೇ 1943ರಲ್ಲಿ ಬಂಗಾಳ ಕ್ಷಾಮದಲ್ಲಿ ಸಾಯುತ್ತಿತ್ತು. ಅದೇ ಬ್ರಿಟಿಷ್ ಸರ್ಕಾರದ ಕೆಳಗೆ ಸುಮಾರು ಮೂವತ್ತು ಲಕ್ಷ ಜನ. ಆಕ್ಸ್‌ಫರ್ಡಿನ ಸಮಿತಿಯ ನೆರವು ಭಾರತಕ್ಕೆ ಬಂದದ್ದು 1951ರಲ್ಲಿ, ಬಿಹಾರದ ಬರಕ್ಕೆ. ಗ್ರೀಕ್ ಕವಿ ಹೋಮರನನ್ನು ಓದಿ ಬೆಳೆದ ಊರಿಗೆ ಗ್ರೀಸ್ ಹತ್ತಿರವಿತ್ತು, ಕಲ್ಕತ್ತೆ ದೂರವಿತ್ತು. ದೂರ ಎಂಬುದನ್ನು ಮೈಲಿಗಳಷ್ಟೇ ತೀರ್ಮಾನಿಸುವುದಿಲ್ಲ.

ರಾತ್ರಿಯ ವಿಮಾನಗಳು

ಚರ್ಚುಗಳ ಪರಿಹಾರ ಕಾರ್ಯ ಅತ್ಯಂತ ಎತ್ತರಕ್ಕೇರಿದ್ದೂ, ಅತ್ಯಂತ ಕಠಿಣ ಪ್ರಶ್ನೆಗೆ ಸಿಕ್ಕಿಕೊಂಡದ್ದೂ ನೈಜೀರಿಯಾದಲ್ಲಿ. 1967ರ ಜುಲೈನಲ್ಲಿ ಬಿಯಾಫ್ರಾ ಯುದ್ಧ ಶುರುವಾಯಿತು. ಬಿಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಗಲು ಹೊರಟ ಇಗ್ಬೊ ಸೀಮೆಯನ್ನು ನೈಜೀರಿಯಾ ಸರ್ಕಾರ ಸುತ್ತುಗಟ್ಟಿತು. ಅಲ್ಲಿನ ಪ್ಯಾರಿಷ್‌ಗಳಲ್ಲಿ ದಶಕಗಳಿಂದ ಇದ್ದ ಐರಿಷ್ ಪಾದ್ರಿಗಳು ತಮ್ಮ ಊರುಗಳಿಗೆ ಬರೆದರು: ಮಕ್ಕಳು ಸಾಯುತ್ತಿವೆ. ಐರ್ಲೆಂಡಿನವರು ಹಣ ಕೂಡಿಸಿ 1968ರಲ್ಲಿ ಕೊಲಂಕಿಲ್ ಎಂಬ ಹಡಗಿನಲ್ಲಿ ಆಹಾರ ಕಳಿಸಿದರು.

ಹಡಗು ನೇರ ಹೋಗುವಂತಿರಲಿಲ್ಲ. ಪೋರ್ಚುಗೀಸರ ಕೈಯಲ್ಲಿದ್ದ ಸಾವೊ ಟೋಮೆ ದ್ವೀಪದಲ್ಲಿ ಸರಕು ಇಳಿಸಿ ಅಲ್ಲಿಂದ ವಿಮಾನದಲ್ಲಿ ಒಯ್ಯಬೇಕು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಸಂಸ್ಥೆಗಳು ‘ಜಾಯಿಂಟ್ ಚರ್ಚ್ ಏಡ್’ ಎಂದು ಒಂದಾದವು. ಉಲಿ ಎಂಬಲ್ಲಿ ಹೆದ್ದಾರಿಯ ಒಂದು ತುಂಡನ್ನೇ ರನ್‌ವೇ ಮಾಡಿದ್ದರು. ಹಗಲು ಬಾಂಬಿನ ಭಯ, ಹಾಗಾಗಿ ವಿಮಾನಗಳು ರಾತ್ರಿಯೇ ಇಳಿಯಬೇಕು. ರನ್‌ವೇಯ ದೀಪ ಹತ್ತುವುದೂ ಕೆಲವೇ ಕ್ಷಣ. ಹೀಗೆ ಯುದ್ಧ ಮುಗಿಯುವ ಹೊತ್ತಿಗೆ 5,300ಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 60,000 ಟನ್ ಹಾಲಿನ ಪುಡಿ, ಒಣಮೀನು, ಉಪ್ಪು, ಔಷಧ ಸಾಗಿಸಿದ್ದರು. 1969ರ ಜೂನಿನಲ್ಲಿ ರೆಡ್‌ಕ್ರಾಸಿನ ವಿಮಾನವೊಂದನ್ನು ಹೊಡೆದುರುಳಿಸಿದ ಮೇಲೆ ರೆಡ್‌ಕ್ರಾಸ್ ಹಾರಾಟ ನಿಲ್ಲಿಸಿತು. ಚರ್ಚುಗಳು ನಿಲ್ಲಿಸಲಿಲ್ಲ. ವಿಮಾನ ಸಿಬ್ಬಂದಿಯಲ್ಲಿ ಹಲವರು ಪ್ರಾಣ ಕೊಟ್ಟರು.

ಸಾಹಸದ ಬಗ್ಗೆ ಎರಡು ಮಾತಿಲ್ಲ. ಆದರೆ ಅದೇ ಉಲಿಗೆ ಅದೇ ರಾತ್ರಿಗಳಲ್ಲಿ ಬಂದೂಕು ಹೊತ್ತ ವಿಮಾನಗಳೂ ಇಳಿಯುತ್ತಿದ್ದವು, ಪರಿಹಾರ ವಿಮಾನಗಳ ಮರೆಯಲ್ಲಿ. ಚರ್ಚುಗಳು ತಂದ ವಿದೇಶಿ ಹಣ ಬಿಯಾಫ್ರಾದ ಬೊಕ್ಕಸಕ್ಕೂ ಆಸರೆಯಾಯಿತು. 1970ರ ಜನವರಿಯಲ್ಲಿ ಬಿಯಾಫ್ರಾ ಶರಣಾಯಿತು. ಈ ನೆರವು ಇಲ್ಲದಿದ್ದರೆ ಯುದ್ಧ ಬೇಗ ಮುಗಿದು ಕಡಿಮೆ ಜನ ಸಾಯುತ್ತಿದ್ದರೇ ಎಂಬ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಪಾದ್ರಿಗಳ ಪತ್ರದಲ್ಲಿದ್ದದ್ದೆಲ್ಲ ನಿಜ. ಆದರೆ ಅದು ಒಂದು ಪಕ್ಷದ ಊರಿನಿಂದ ಬಂದ ನಿಜ. ಪ್ಯಾರಿಷ್‌ನ ಬಲ ಅದರ ನಂಟು. ನಂಟಿರುವ ಕಡೆಯಿಂದ ಮಾತ್ರ ಸುದ್ದಿ ಬರುತ್ತದೆ ಎಂಬುದೇ ಅದರ ಮಿತಿ.

ಈ ಅನುಭವದಿಂದ ಐರಿಷ್ ಚರ್ಚು ಒಂದು ಪಾಠ ಕಲಿಯಿತು. ಯುದ್ಧ ಬಂದಾಗ ಓಡಾಡುವುದಕ್ಕಿಂತ ಸದಾ ಸಿದ್ಧವಿರುವ ಸಂಸ್ಥೆಯೊಂದು ಬೇಕೆಂದು 1973ರಲ್ಲಿ ಅಲ್ಲಿನ ಬಿಷಪ್ಪರು ಟ್ರೋಕರ ಸ್ಥಾಪಿಸಿದರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅದರ ರಟ್ಟಿನ ಡಬ್ಬಿ ಐರ್ಲೆಂಡಿನ ಮನೆಮನೆಯ ಅಡುಗೆಮನೆಯಲ್ಲಿ ಕೂರುತ್ತದೆ. ಅಮೆರಿಕದಲ್ಲಿ 1975ರಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನಿನಲ್ಲಿ ಶುರುವಾದ ‘ರೈಸ್ ಬೌಲ್’ ಕೂಡ ಇಂಥದ್ದೇ. ಅದರ ಹಣದಲ್ಲಿ ಮುಕ್ಕಾಲು ಪಾಲು ಹೊರದೇಶಗಳಿಗೆ, ಕಾಲು ಪಾಲು ಅದೇ ಊರಿನ ಧರ್ಮಪ್ರಾಂತ್ಯದ ಬಡವರಿಗೆ. ನಮ್ಮ ಬೀದಿಯ ಹಸಿವು ಬಿಟ್ಟು ಯಾವುದೋ ದೇಶಕ್ಕೇಕೆ ಎಂಬ ಪ್ರಶ್ನೆಗೆ ಅದು ಲೆಕ್ಕದಲ್ಲೇ ಕೊಟ್ಟ ಉತ್ತರ.

ಬೇಡದ ಉಡುಗೊರೆ

ಹಣ ಕಳಿಸುವುದಕ್ಕಿಂತ ವಸ್ತು ಕಳಿಸುವುದು ಮನಸ್ಸಿಗೆ ಹಿತ. ಹಳೆಯ ಅಂಗಿ ಮಡಚಿ ಡಬ್ಬಕ್ಕೆ ಹಾಕುವಾಗ ಅದನ್ನು ತೊಡುವ ಮಗುವಿನ ಮುಖ ಕಣ್ಣಿಗೆ ಕಟ್ಟುತ್ತದೆ. ಚರ್ಚು, ಮಠ, ಕಾಲೇಜು, ರೋಟರಿ ಎಲ್ಲರೂ ಇದನ್ನು ಮಾಡುತ್ತಾರೆ. 2004ರ ಡಿಸೆಂಬರಿನ ಸುನಾಮಿಯ ಬಳಿಕ ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಹಳೆಯ ಬಟ್ಟೆಯ ರಾಶಿಗಳು ಬಿದ್ದಿದ್ದವು. ಮೀನುಗಾರರ ಹೆಂಗಸರು ಅವನ್ನು ಮುಟ್ಟಲಿಲ್ಲ. ಅವರು ಕಳೆದುಕೊಂಡದ್ದು ದೋಣಿ, ಬಲೆ, ಮನೆಯ ಮಂದಿ.

ಔಷಧದ ವಿಷಯದಲ್ಲಿ ಇದು ಇನ್ನೂ ಅಪಾಯ. 1988ರ ಡಿಸೆಂಬರಿನ ಅರ್ಮೇನಿಯ ಭೂಕಂಪಕ್ಕೆ ಜಗತ್ತಿನ ಎಲ್ಲೆಡೆಯಿಂದ ಸುಮಾರು 5,000 ಟನ್ ಔಷಧ ಬಂತು. ಅದರಲ್ಲಿ ತಕ್ಷಣ ಬಳಸಬಹುದಾದದ್ದು ಶೇ 30ರಷ್ಟು ಮಾತ್ರ. ಉಳಿದದ್ದರಲ್ಲಿ ಅವಧಿ ಮುಗಿದದ್ದು, ಚೀಟಿ ಓದಲಾಗದ್ದು, ಆ ರೋಗಿಗಳಿಗೆ ಸಂಬಂಧವೇ ಇಲ್ಲದ್ದು. ಇದನ್ನೆಲ್ಲ ಬೇರ್ಪಡಿಸಲು 50 ಜನರಿಗೆ ಆರು ತಿಂಗಳು ಹಿಡಿಯಿತು. ಇಂಥ ಅನುಭವಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನದ ನಿಯಮಗಳನ್ನು ಹೊರಡಿಸಿತು. ಪಡೆಯುವವರು ಕೇಳಿದ್ದನ್ನೇ ಕಳಿಸಿ, ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಲಿ, ನಿಮ್ಮ ದೇಶದಲ್ಲಿ ಮಾರಲಾಗದ್ದನ್ನು ದಾನ ಮಾಡಬೇಡಿ ಎಂಬುದು ಅದರ ಸಾರ.

ಇದರಿಂದಲೇ ಇಂದು ಬಹುತೇಕ ಪ್ಯಾರಿಷ್‌ಗಳ ನೆರವು ಒಂದು ಸರಪಳಿಯ ಮೂಲಕ ಹೋಗುತ್ತದೆ. ಚರ್ಚಿನ ಕಾಣಿಕೆ ಧರ್ಮಪ್ರಾಂತ್ಯಕ್ಕೆ, ಅಲ್ಲಿಂದ ದೇಶಮಟ್ಟದ ಸಂಸ್ಥೆಗೆ, ಅಲ್ಲಿಂದ ಸಂಕಟದ ದೇಶದಲ್ಲಿರುವ ಜೊತೆ ಸಂಸ್ಥೆಗೆ, ಕೊನೆಗೆ ಹಳ್ಳಿಗೆ. ಕ್ಯಾಥೊಲಿಕರಲ್ಲಿ ಕಾರಿತಾಸ್ ಜಾಲ, ಪ್ರಾಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಚರ್ಚುಗಳಲ್ಲಿ 2010ರಿಂದ ಆಕ್ಟ್ ಅಲಯನ್ಸ್. ಸರಪಳಿ ಉದ್ದವಾದಷ್ಟೂ ನಡುವಿನ ಖರ್ಚು ಹೆಚ್ಚು, ಕೊಟ್ಟವನಿಗೆ ಪಡೆದವನ ಮುಖ ಕಾಣುವುದಿಲ್ಲ. ಆದರೆ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಎಂಬಂಥ, ಪರಿಹಾರ ಕಾರ್ಯಕ್ಕೆ ಹಾಕಿಕೊಟ್ಟ ಸ್ಫಿಯರ್ ಮಾನದಂಡ ತಿಳಿದವರು, ಯಾವ ಬಾವಿಗೆ ಕ್ಲೋರಿನ್ ಹಾಕಬೇಕೆಂದು ಗೊತ್ತಿರುವವರು ಸಿಗುವುದು ಆ ಸರಪಳಿಯ ತುದಿಯಲ್ಲೇ.

ಆಮಿಷದ ಪ್ರಶ್ನೆ

ಇಷ್ಟು ಓದಿದ ಮೇಲೆ ಕರ್ನಾಟಕದ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಅನ್ನದ ಹಿಂದೆ ಮತಾಂತರ ಇಲ್ಲವೇ? ಹತ್ತೊಂಬತ್ತನೇ ಶತಮಾನಕ್ಕೆ ಉತ್ತರ ನೇರ. ಬಾಸೆಲ್ ಮಿಷನ್ನಿಗೆ ಶಾಲೆ, ಹಂಚು, ಮತಪ್ರಚಾರ ಮೂರೂ ಒಂದೇ ಕೆಲಸ. ಅವರು ಅದನ್ನು ಮುಚ್ಚಿಡಲೂ ಇಲ್ಲ.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಚರ್ಚುಗಳ ಒಳಗಿಂದಲೇ ಇವನ್ನು ಬೇರ್ಪಡಿಸುವ ಒತ್ತಾಯ ಬಂತು. 1958ರಲ್ಲಿ ಜರ್ಮನಿಯ ಕಾರ್ಡಿನಲ್ ಜೋಸೆಫ್ ಫ್ರಿಂಗ್ಸ್ ಹಸಿವಿನ ವಿರುದ್ಧ ಮಿಸೆರಿಯೋರ್ ಎಂಬ ಸಂಸ್ಥೆಯನ್ನು ಪ್ರಸ್ತಾಪಿಸಿದಾಗ, ಈ ಹಣ ಮತಪ್ರಚಾರಕ್ಕೆ ಹೋಗಬಾರದು ಎಂದು ಸ್ಪಷ್ಟವಾಗಿ ಗೆರೆ ಎಳೆದರು. ಬಿಯಾಫ್ರಾ, ಇಥಿಯೋಪಿಯಾಗಳ ಅನುಭವದ ನಂತರ 1994ರಲ್ಲಿ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ ನೀತಿಸಂಹಿತೆ ಬಂತು. ನೆರವಿಗೆ ಜಾತಿ, ಮತ, ದೇಶದ ಭೇದವಿಲ್ಲ. ಯಾವ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಬೆಳೆಸಲೂ ನೆರವನ್ನು ಬಳಸುವುದಿಲ್ಲ ಎಂಬುದು ಅದರ ಮೊದಲ ಸೂತ್ರಗಳಲ್ಲಿದೆ. ಅದನ್ನು ಮುಂದಿಟ್ಟ ಸಂಸ್ಥೆಗಳಲ್ಲಿ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಇದ್ದವು.

ಸಂಹಿತೆ ಇದ್ದ ಮಾತ್ರಕ್ಕೆ ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಸಹಿ ಹಾಕದ ಗುಂಪುಗಳೂ ಜಗತ್ತಿನಲ್ಲಿವೆ. ಇತ್ತ ಅನುಮಾನಕ್ಕೂ ಅದರದೇ ಹಾನಿಯಿದೆ. ಕರ್ನಾಟಕದ 2022ರ ಮತಾಂತರ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತ್ತು. ಕೇಂದ್ರದ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ ಹೊರಗಿನ ಹಣ ಮೊದಲು ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಗೆ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಕೊನೆಯ ನಿಯಮ ಮೇಲೆ ಹೇಳಿದ ಸರಪಳಿಯ ಕೊನೆಯ ಕೊಂಡಿಯನ್ನೇ ಕತ್ತರಿಸಿತು. ಇಂಗ್ಲಿಷಿನಲ್ಲಿ ವರದಿ ಬರೆಯಲಾರದ, ಆದರೆ ಹಳ್ಳಿಯ ಮನೆಮನೆ ಗೊತ್ತಿರುವ ಸಣ್ಣ ಸಂಘಗಳಿಗೆ ಅದರ ಪೆಟ್ಟು ಹೆಚ್ಚು. ಲೆಕ್ಕ ಕೇಳುವುದು ಸರ್ಕಾರದ ಹಕ್ಕು, ಲೆಕ್ಕ ಕೊಡುವುದು ಸಂಸ್ಥೆಯ ಧರ್ಮ. ಆದರೆ ಲೆಕ್ಕದ ಹೆಸರಿನಲ್ಲಿ ದಾರಿಯೇ ಮುಚ್ಚಿದರೆ ನಷ್ಟ ಪಡೆಯುವವನದು.

ದೂರ ಹತ್ತಿರ ಬಂದಾಗ

ಕಾಸು ಕಳಿಸಿದರೆ ದೂರ ದೂರವೇ ಉಳಿಯುತ್ತದೆ. ಕೆನಡಾದ ಪ್ಯಾರಿಷ್‌ಗಳು ಬೇರೊಂದು ದಾರಿ ಹಿಡಿದವು. ವಿಯೆಟ್ನಾಂ, ಕಾಂಬೋಡಿಯ, ಲಾವೋಸಿನಿಂದ ಜನ ಸಣ್ಣ ದೋಣಿಗಳಲ್ಲಿ ಕಡಲಿಗಿಳಿದ ಕಾಲ. ಊರಿನ ಐದು ಜನ ಸೇರಿದರೂ ಸರಿ, ಒಂದು ಚರ್ಚಾದರೂ ಸರಿ, ನಿರಾಶ್ರಿತ ಕುಟುಂಬವೊಂದರ ಹೊಣೆ ಹೊರಬಹುದು ಎಂಬ ಕಾನೂನು ಕೆನಡಾದಲ್ಲಿ ಬಂದಿತ್ತು. 1979ರಲ್ಲಿ ಮೆನೊನೈಟ್ ಚರ್ಚಿನ ಸೇವಾ ಸಂಸ್ಥೆ ಸರ್ಕಾರದ ಜೊತೆ ಮೊದಲ ಒಪ್ಪಂದ ಮಾಡಿಕೊಂಡಿತು. ಉಳಿದ ಚರ್ಚುಗಳು ಹಿಂಬಾಲಿಸಿದವು.

ಒಪ್ಪಂದ ಎಂದರೆ ಒಂದು ವರ್ಷದ ಬಾಡಿಗೆ, ದಿನಸಿ, ಚಳಿಗೆ ಕೋಟು, ಮಕ್ಕಳಿಗೆ ಶಾಲೆ, ಅಪ್ಪನಿಗೆ ಕೆಲಸ ಹುಡುಕಲು ಜೊತೆ. 1979–80ರಲ್ಲಿ ಹೀಗೆ ಸರ್ಕಾರ ಮತ್ತು ಜನ ಸೇರಿ 60,000 ನಿರಾಶ್ರಿತರನ್ನು ಬರಮಾಡಿಕೊಂಡರು. ಅರ್ಧಕ್ಕಿಂತ ಹೆಚ್ಚಿನವರ ಹೊಣೆ ಹೊತ್ತದ್ದು ಇಂಥ ಖಾಸಗಿ ಗುಂಪುಗಳು. 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಕೆನಡಾದ ಜನತೆಗೆ ಸಿಕ್ಕಿತು. ಬಂದವರಲ್ಲಿ ಬೌದ್ಧರು ಬಹಳ ಮಂದಿ ಇದ್ದರು. ಹೀಗೆ ಬಂದು ನೆಲೆ ನಿಂತವರು ಮುಂದೆ ತಮ್ಮ ಬಂಧುಗಳ, ಬಳಿಕ ಬೇರೆ ದೇಶದ ನಿರಾಶ್ರಿತರ ಹೊಣೆ ಹೊತ್ತರು. ಇಂದಿಗೆ ಈ ದಾರಿಯಲ್ಲಿ ಬಂದವರು ಮೂರು ಲಕ್ಷ ದಾಟಿದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಸಿರಿಯಾದ ಜನ ಯುರೋಪಿನ ಬಾಗಿಲಿಗೆ ಬಂದಾಗ ಪೋಪ್ ಫ್ರಾನ್ಸಿಸ್ ಕೇಳಿದ್ದೂ ಇದನ್ನೇ: ಪ್ರತಿ ಪ್ಯಾರಿಷ್ ಒಂದು ಕುಟುಂಬವನ್ನು ಇಟ್ಟುಕೊಳ್ಳಲಿ.

ಒಂದು ಡಬ್ಬಿಗೆ ಹಾಕಿದ ಹಣ ಎಂದೂ ಎದುರು ಮಾತಾಡುವುದಿಲ್ಲ. ಮನೆಗೆ ಬಂದ ಕುಟುಂಬ ಮಾತಾಡುತ್ತದೆ. ನಿಮ್ಮ ಊಟ ಹಿಡಿಸುವುದಿಲ್ಲ, ಈ ಕೆಲಸ ನನಗೆ ಬೇಡ, ನಿಮ್ಮ ಚರ್ಚಿಗೆ ನಾನು ಬರುವುದಿಲ್ಲ ಎನ್ನುತ್ತದೆ. ಉಪಕಾರ ಮಾಡಿದವರಿಗೆ ಮೊದಲು ನೋವಾಗುತ್ತದೆ, ಆಮೇಲೆ ಕಣ್ಣು ತೆರೆಯುತ್ತದೆ.

ಕೊಡುವ ಸರದಿ

ಒಂದು ಕಾಲದಲ್ಲಿ ಪಡೆಯುವ ತುದಿಯಲ್ಲಿದ್ದ ಕರ್ನಾಟಕದ ಪ್ಯಾರಿಷ್‌ಗಳು ಈಗ ಕೊಡುವ ತುದಿಯಲ್ಲೂ ಇವೆ. 1962ರಲ್ಲಿ ಶುರುವಾದ ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸಿ ದೇಶದೊಳಗಿನ ಚರ್ಚುಗಳಿಂದಲೇ ಹಣ ಕೂಡಿಸುತ್ತದೆ. 1833ರಲ್ಲಿ ಪ್ಯಾರಿಸಿನ ಒಂದು ಪ್ಯಾರಿಷ್‌ನಲ್ಲಿ ಫ್ರೆಡೆರಿಕ್ ಓಜನಾಮ್ ಮತ್ತು ಗೆಳೆಯರು ಕಟ್ಟಿದ ಸಂತ ವಿನ್ಸೆಂಟ್ ಪಾವ್ಲ್ ಸಭೆ ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದರ ಸದಸ್ಯರು ಜೊತೆಯಾಗಿ ಬಡವರ ಮನೆಗೆ ಹೋಗಿ, ಕೂತು, ಮಾತಾಡಿಸಿ ಆಮೇಲೆ ಏನು ಬೇಕೆಂದು ತೀರ್ಮಾನಿಸುತ್ತಾರೆ. ಹೊರದೇಶದ ಒಂದು ಘಟಕಕ್ಕೂ ಇಲ್ಲಿನ ಒಂದು ಘಟಕಕ್ಕೂ ಜೋಡಿ ಹಾಕುವ ಪದ್ಧತಿಯೂ ಅದರಲ್ಲಿದೆ. ಅಲ್ಲಿಂದ ಚಿಕ್ಕ ಮೊತ್ತ, ಇಲ್ಲಿಂದ ಪತ್ರ. ಮೊತ್ತಕ್ಕಿಂತ ಪತ್ರ ಮುಖ್ಯವಾಗುವ ಈ ಏರ್ಪಾಟು ದೊಡ್ಡ ಸಂಸ್ಥೆಗಳು ಕಲಿಯಬೇಕಾದದ್ದು.

ಇನ್ನೂರು ವರ್ಷಗಳ ಈ ಕಥೆಯಿಂದ ಒಂದು ಪ್ಯಾರಿಷ್ ಪರಿಷತ್ತು ತೆಗೆದುಕೊಳ್ಳಬಹುದಾದ ನಿಯಮಗಳು ಹೆಚ್ಚಿಲ್ಲ. ಕಳಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಇದನ್ನು ಆ ಕಡೆ ಕೇಳಿದವರು ಯಾರು? ನಾವು ನಿಲ್ಲಿಸಿದ ಮರುದಿನ ಅಲ್ಲಿ ಏನು ಉಳಿಯುತ್ತದೆ? ನಾವು ಮಾಡಿದ್ದು ತಪ್ಪಾದರೆ ಅದನ್ನು ನಮಗೆ ಹೇಳುವ ಧೈರ್ಯ ಮತ್ತು ದಾರಿ ಅಲ್ಲಿಯವರಿಗೆ ಇದೆಯೇ? ಮೊದಲನೆಯದನ್ನು ಕೇಳದೆ ಬಟ್ಟೆಯ ರಾಶಿಗಳು ಬಿದ್ದವು. ಎರಡನೆಯದನ್ನು ಕೇಳದೆ ಮಂಗಳೂರಿನ ಸಭೆಗಳು ಯುದ್ಧದ ದಿನ ಅನಾಥವಾದವು. ಮೂರನೆಯದನ್ನು ಕೇಳುವುದು ಇಂದಿಗೂ ಅಪರೂಪ. ವಾರ್ಷಿಕ ಸಭೆಯಲ್ಲಿ ಎಷ್ಟು ಕೊಟ್ಟೆವು ಎಂಬ ಲೆಕ್ಕವನ್ನು ಎಲ್ಲರೂ ಓದುತ್ತಾರೆ. ಪಡೆದವರು ಏನೆಂದರು ಎಂಬುದನ್ನೂ ಅದೇ ಸಭೆಯಲ್ಲಿ, ದೂರು ಇದ್ದರೆ ದೂರನ್ನೂ ಸೇರಿಸಿ ಓದುವ ಪ್ಯಾರಿಷ್ ಮುಂದಿನ ವರ್ಷ ಕಡಿಮೆ ಹಣದಲ್ಲೂ ಹೆಚ್ಚು ಒಳ್ಳೆಯ ಕೆಲಸ ಮಾಡುತ್ತದೆ.